ಮೇವನ್ನು ಜೀರ್ಣಿಸುವವರು ಯಾರು?

ಹುಲ್ಲನ್ನು ಮೇಯುವುದು ಹಸುವಾದರೂ ಅದರ ನಾರನ್ನು ಜೀರ್ಣಿಸುವ ಶಕ್ತಿ ಹಸುವಿಗಿಲ್ಲವೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ನಾರಿನಲ್ಲಿರುವ ಸೆಲ್ಯುಲೋಸನ್ನು ಒಡೆಯಬಲ್ಲ ಕಿಣ್ವ ಹಸುವಿನ ದೇಹದಲ್ಲಿ ಉತ್ಪತ್ತಿಯಾಗುವುದಿಲ್ಲ. ಆ ಕೆಲಸವನ್ನು ಮಾಡುವವು ಅದರ ಜಠರದಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು.

ಮೆಲುಕು ಹಾಕುವ ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳುಂಟು. ಅವುಗಳಲ್ಲಿ ಅತಿ ದೊಡ್ಡದು ರೂಮೆನ್. ಬೆಳೆದ ಹಸುವಿನಲ್ಲಿ ಇದು ಸುಮಾರು 100 ಲೀಟರು ಹಿಡಿಯುತ್ತದೆ. ಇಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆ. ಉಷ್ಣತೆ ಸುಮಾರು 39 ಡಿಗ್ರಿ ಸೆಂಟಿಗ್ರೇಡ್. ಇದರೊಳಗಿನ ಒಂದು ಮಿಲಿಲೀಟರು ದ್ರವದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಗಳಿರುತ್ತವೆ. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ತಯಾರಿಸುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಒದಗುವುದು ಈ ಆಮ್ಲಗಳಿಂದಲೇ. ಕೊನೆಗೆ ಈ ಜೀವಿಗಳೂ ಮುಂದಕ್ಕೆ ಸಾಗಿ, ತಾವೇ ಜೀರ್ಣವಾಗಿ, ಹಸುವಿಗೆ ಪ್ರೋಟೀನನ್ನು ಕೊಡುತ್ತವೆ.

ಇವುಗಳಲ್ಲಿ ಒಂದು ಬಗೆಯ ಜೀವಿ ಇಲ್ಲದೆ ಹೋದರೆ ಏನಾದೀತು? ಇದಕ್ಕೆ ಉತ್ತರವನ್ನು ನಾವು ಸುಬಾಬುಲ್ ಗಿಡದ ಕಥೆಯಲ್ಲಿ ಕಾಣುತ್ತೇವೆ. ನಮ್ಮ ಹೊಲದ ಬದುಗಳಲ್ಲಿಯೂ ಬೆಳೆಯುವ ಈ ಗಿಡದ ಮೂಲಸ್ಥಾನ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಇದರ ಸೊಪ್ಪಿನಲ್ಲಿ ಪ್ರೋಟೀನು ಹೇರಳ. ಜೊತೆಗೆ ಮಿಮೊಸಿನ್ ಎಂಬ ವಿಷವೂ ಉಂಟು. ರೂಮೆನ್ನಿನಲ್ಲಿ ಇದು ಡಿ.ಎಚ್.ಪಿ. ಎಂಬ ಇನ್ನೊಂದು ವಸ್ತುವಾಗಿ ಮಾರ್ಪಟ್ಟು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆಸ್ಟ್ರೇಲಿಯದಲ್ಲಿ ಈ ಸೊಪ್ಪನ್ನೇ ಹೆಚ್ಚಾಗಿ ಮೇದ ದನಗಳ ಕೂದಲು ಉದುರಿತು, ಗ್ರಂಥಿ ಊದಿತು, ಬೆಳವಣಿಗೆ ಕುಂಠಿತವಾಯಿತು. ಹವಾಯಿ ದ್ವೀಪಗಳ ಆಡುಗಳಾದರೋ ಅದೇ ಸೊಪ್ಪನ್ನು ತಿಂದು ಆರೋಗ್ಯವಾಗಿದ್ದುವು!

ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್ ಈ ಭೇದದ ಕಾರಣವನ್ನು ರೂಮೆನ್ನಿನ ಜೀವಿಗಳಲ್ಲಿ ಹುಡುಕಿದರು. 1980ರ ದಶಕದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹವಾಯಿಯ ಆಡುಗಳ ಬ್ಯಾಕ್ಟೀರಿಯಗಳನ್ನು ಆಸ್ಟ್ರೇಲಿಯದ ಪ್ರಾಣಿಗಳ ಜಠರಕ್ಕೆ ಸೇರಿಸಿದರು. ಡಿ.ಎಚ್.ಪಿ. ಒಡೆದುಹೋಗಿ ವಿಷಬಾಧೆ ತಪ್ಪಿತು. ಒಟ್ಟಿಗೆ ಮೇಯುವ ದನಗಳಲ್ಲಿ ಈ ಬ್ಯಾಕ್ಟೀರಿಯ ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. 1992ರಲ್ಲಿ ಇದಕ್ಕೆ ಜೋನ್ಸರ ಗೌರವಾರ್ಥವಾಗಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ನಾಮಕರಣವಾಯಿತು.

ಆದುದರಿಂದ ಒಂದು ಸೊಪ್ಪು ಮೇವೋ ವಿಷವೋ ಎಂಬುದನ್ನು ಸೊಪ್ಪಿನ ಗುಣವೊಂದರಿಂದಲೇ ನಿರ್ಣಯಿಸಲಾಗದು. ಅದನ್ನು ಎದುರುಗೊಳ್ಳುವ ಸೂಕ್ಷ್ಮಜೀವಿ ಯಾವುದೆಂದೂ ತಿಳಿಯಬೇಕು. ಹಸುವಿನ ಮೇವನ್ನು ಒಮ್ಮೆಗೇ ಬದಲಿಸಬಾರದೆಂದು ಪಶುವೈದ್ಯರು ಹೇಳುವುದಕ್ಕೂ ಇದೇ ಕಾರಣ. ಹುಲ್ಲಿಗೆ ಒಗ್ಗಿದ ಹಸುವಿಗೆ ಹಠಾತ್ತನೆ ಧಾನ್ಯವನ್ನು ಹೇರಳವಾಗಿ ತಿನ್ನಿಸಿದರೆ ರೂಮೆನ್ನಿನಲ್ಲಿ ಆಮ್ಲ ಮಿತಿಮೀರಿ ಪ್ರಾಣಕ್ಕೇ ಅಪಾಯವಾದೀತು. ಮೇವನ್ನು ಮೆಲ್ಲಮೆಲ್ಲನೆ ಬದಲಿಸಿದರೆ, ಅದಕ್ಕೆ ತಕ್ಕ ಜೀವಿಗಳು ವೃದ್ಧಿಯಾಗಲು ಅವಕಾಶ ದೊರೆಯುತ್ತದೆ. ಹಸುವನ್ನು ಸಾಕುವವರು ಮೊದಲು ಸಾಕಬೇಕಾದದ್ದು ಅದರ ಹೊಟ್ಟೆಯೊಳಗಿನ ಈ ಜೀವಿಗಳನ್ನು.