ಹೆಬ್ಬಾಳೆ ಮುಳುಗ್ತಾ?

ಪುಷ್ಯ ಮಳೆ ಹಿಡಿದು ಎರಡು ದಿನ ಕಳೆದರೆ ಸಾಕು, ಕಳಸದ ಅಂಗಡಿಗಳಿಗೆ ಬರುವ ಫೋನ್‌ಗಳಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆ: "ಹೆಬ್ಬಾಳೆ ಮುಳುಗ್ತಾ?" ಕೇಳುವವರು ಹೊರನಾಡಿನ ಅನ್ನಪೂರ್ಣೇಶ್ವರಿ ದರ್ಶನಕ್ಕೆ ಹೊರಟ ಬೆಂಗಳೂರಿನ ಕುಟುಂಬದವರಿರಬಹುದು, ಬೆಳಿಗ್ಗೆ ಮಗಳನ್ನು ಬಸ್ ಹತ್ತಿಸಿ ಮನೆಯಲ್ಲಿ ಕೂತ ತಾಯಿ ಇರಬಹುದು. ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರಾ ಹೊಳೆ. ಆ ಹೊಳೆಗೆ ಹೆಬ್ಬಾಳೆಯಲ್ಲಿ ತಗ್ಗಾಗಿ ಕಟ್ಟಿದ ಸೇತುವೆ. ಇಷ್ಟೇ ವಿಷಯ. ಆದರೆ ಮಳೆಗಾಲದಲ್ಲಿ ಈ ಸೀಮೆಯ ದಿನಚರಿ ನಿಂತಿರುವುದು ಆ ಸೇತುವೆಯ ಎತ್ತರದ ಮೇಲೆ.

ಕಳಸ ನೋಡಲು ಬಂದವರು ಮೊದಲು ಮೆಟ್ಟಿಲು ಹತ್ತಿ ಕಳಸೇಶ್ವರನ ಗುಡಿಗೆ ಹೋಗುತ್ತಾರೆ. ಗಿರಿಜಾ ಕಲ್ಯಾಣದ ಕಾಲದಲ್ಲಿ ದಕ್ಷಿಣಕ್ಕೆ ಬಂದ ಅಗಸ್ತ್ಯರಿಗೆ ಇಲ್ಲಿಂದಲೇ ಮದುವೆ ಕಂಡಿತೆಂಬ ಕಥೆ ಇಲ್ಲಿಯದು. ಆಮೇಲೆ ಅಂಬಾತೀರ್ಥ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಬಂಡೆ ಅಲ್ಲಿ ಹೊಳೆಯ ನಡುವೆಯೇ ಇದೆ. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಭೈರರಸರ ಮನೆತನ ಘಟ್ಟದ ಮೇಲಿನ ಈ ಕಳಸವನ್ನೂ ಆಳಿತ್ತು. ಇಷ್ಟೆಲ್ಲ ಇರುವ ಊರಿನಲ್ಲಿ ಒಂದು ಕಾಂಕ್ರೀಟ್ ಸೇತುವೆಯನ್ನು ಹೆಗ್ಗುರುತೆಂದು ಕರೆಯುವುದು ವಿಚಿತ್ರ ಅನಿಸೀತು. ನಾನು ಹಾಗೆಯೇ ಕರೆಯುತ್ತೇನೆ. ಗುಡಿ ಹೊರಗಿನವರಿಗೆ ಗುರುತು. ಹೆಬ್ಬಾಳೆ ಇಲ್ಲಿ ಬದುಕುವವರಿಗೆ ಗುರುತು.

ನೆರೆ ಇಳಿದ ಬೆಳಿಗ್ಗೆ ಹೋಗಿ ನಿಂತರೆ ಕಾಣುತ್ತದೆ. ಸೇತುವೆಯ ಮೇಲೆ ಬೆರಳು ಮುಳುಗುವಷ್ಟು ಕೆಸರು, ನುಣ್ಣಗೆ, ಕೆಮ್ಮಣ್ಣಿನ ಬಣ್ಣ. ಅಂಚಿಗೆ ಸಿಕ್ಕಿಕೊಂಡ ಬಿದಿರು ಮೆಳೆ, ಬೇರು ಸಮೇತ ಬಂದ ಮರದ ದಿಮ್ಮಿ, ಅದರ ಸಂದಿಯಲ್ಲಿ ಅಡಿಕೆ ಸೋಗೆ. ದಿಮ್ಮಿ ಸರಿಸುವ ತನಕ ಎರಡೂ ದಡದಲ್ಲಿ ಬೈಕು, ಜೀಪು ಸಾಲುಗಟ್ಟಿರುತ್ತವೆ. ನೀರು ಇಳಿದರೂ ಶಬ್ದ ಇಳಿದಿರುವುದಿಲ್ಲ. ಮಾತಾಡಲು ಕಿವಿಯ ಹತ್ತಿರ ಹೋಗಬೇಕು. ಸೇತುವೆ ಮುಳುಗಿದ ದಿನ ಹೊರನಾಡಿಗೆ ಹಳುವಳ್ಳಿ ಕಡೆಯಿಂದ ಸುತ್ತಿ ಹೋಗಬೇಕು. ಕಾರಿನವರಿಗೆ ಅದು ಒಂದಷ್ಟು ತಡ. ಹೆರಿಗೆ ನೋವು ತಿನ್ನುತ್ತಿರುವವಳಿಗೆ ಅದು ಬೇರೆಯೇ ಲೆಕ್ಕ.

"ಆಶ್ಲೇಷ ಮಳೆ ಈಸಲಾರದ ಹೊಳೆ" ಎಂಬ ಮಾತು ಮಲೆನಾಡಿನ ಅಜ್ಜಿಯರ ಬಾಯಲ್ಲಿತ್ತು. 2019ರ ಆಗಸ್ಟ್‌ನಲ್ಲಿ ಆ ಮಾತು ಕಣ್ಣೆದುರು ನಡೆಯಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದವು. ಚಾರ್ಮಾಡಿ ಘಾಟಿ ಕುಸಿದು ಕೊಟ್ಟಿಗೆಹಾರಕ್ಕೂ ಕರಾವಳಿಗೂ ಇದ್ದ ದಾರಿ ಕಡಿದುಹೋಯಿತು. ಹೆಬ್ಬಾಳೆ ನೀರಿನ ಕೆಳಗಿತ್ತು. 2024ರ ಜುಲೈನಲ್ಲಿ ಮತ್ತೆ ಮುಳುಗಿತು.

ಮಳೆಯನ್ನು ಮಾತ್ರ ದೂರಿದರೆ ಅರ್ಧ ಮಾತಾಯಿತು. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ಕಳಸಕ್ಕೆ ಬರುವ ಮೊದಲು ಅದು ಕುದುರೆಮುಖವನ್ನು ಹಾದು ಬರುತ್ತದೆ. ಅಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಹಣ ಕೊಡಲು ಒಪ್ಪಿದ್ದು ಶಾ ಕಾಲದ ಇರಾನ್. 1979ರ ಕ್ರಾಂತಿಯಲ್ಲಿ ಶಾ ಹೋದ, ಅದಿರು ಕೊಳ್ಳುವ ಮಾತೂ ಹೋಯಿತು, ಗಣಿ ಮಾತ್ರ ಉಳಿಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಉಳಿದ ಮಣ್ಣನ್ನು ಹಿಡಿದಿಡಲು ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಗುಡ್ಡದ ಸಿಪ್ಪೆ ಸುಲಿದರೆ ಮಣ್ಣು ಎಲ್ಲಿ ನಿಲ್ಲುತ್ತದೆ? ಹೊಳೆಗೇ ಬಂತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ಹೊಳೆಗುಂಡಿಗಳಲ್ಲಿ ಕೂತ ಹೂಳು ತೀರ್ಪು ಓದಿ ಎದ್ದುಹೋಗುವುದಿಲ್ಲ. ತಳ ಮೇಲೆ ಬಂದಷ್ಟೂ ಸೇತುವೆ ತಗ್ಗಾಗುತ್ತದೆ.

ದೇಶ ಒಂದು ಗುಡ್ಡದಿಂದ ಅದಿರು ತೆಗೆಯಲು ಕಾಡಿನೊಳಗೆ ಕೊಳವೆ ಹಾಕಬಲ್ಲದು, ನೂರು ಮೀಟರ್ ಕಟ್ಟೆ ಕಟ್ಟಬಲ್ಲದು. ಅದೇ ಹೊಳೆಯ ಕೆಳಗಿನ ಜನ ಕೇಳಿದ್ದು ಎತ್ತರದ ಒಂದು ಸೇತುವೆಯನ್ನು. ನನಗೆ ನೋವಾಗುವುದು ಈ ಜಾಗದಲ್ಲಿ.

ಸರ್ಕಾರ ಬರುವ ತನಕ ಕೈಕಟ್ಟಿ ಕೂತ ಜನವಲ್ಲ ಇದು. ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕವನ್ನು ತಾವೇ ಹಾಕಿಕೊಂಡವರು. ಕೊಪ್ಪದಲ್ಲಿ ಬಸ್ ಕಂಪನಿಯೊಂದು ಕೈಬಿಟ್ಟಾಗ 1991ರಲ್ಲಿ ಡ್ರೈವರು, ಕಂಡಕ್ಟರುಗಳೇ ಸೇರಿ 'ಸಹಕಾರ ಸಾರಿಗೆ' ಕಟ್ಟಿದರು. ಸುಮಾರು ಮೂರು ದಶಕ ಮಲೆನಾಡಿನ ತಿರುವುಗಳಲ್ಲಿ ಆ ಬಸ್ಸುಗಳು ಶಾಲೆಯ ಮಕ್ಕಳನ್ನು, ತೋಟದಾಳುಗಳನ್ನು ಹೊತ್ತವು. ಸಾಲದ ಭಾರಕ್ಕೆ 2020ರಲ್ಲಿ ನಿಂತವು. ರೈಲಂತೂ ಚಿಕ್ಕಮಗಳೂರಿಗೆ ಬಂದದ್ದೇ 2013ರಲ್ಲಿ. ಕಳಸದ ಕಡೆಗೆ ಇಂದಿಗೂ ರಸ್ತೆಯೇ ಗತಿ. ಮೂಡಿಗೆರೆಯಿಂದ ಬೇರ್ಪಟ್ಟು ಕಳಸವೇ ತಾಲ್ಲೂಕಾಯಿತು ನಿಜ. ಆದರೆ ತಾಲ್ಲೂಕು ಕಚೇರಿಗೆ ಬರಬೇಕಾದ ಹೊರನಾಡಿನ ರೈತನೂ ಅದೇ ಹೆಬ್ಬಾಳೆ ದಾಟಬೇಕು.

ಬೇಸಿಗೆಯಲ್ಲಿ ಇದೇ ಸೇತುವೆಯ ಮೇಲೆ ನಿಂತರೆ ಕೆಳಗೆ ಹೊಳೆ ಬಂಡೆಗಳ ನಡುವೆ ತಿಳಿಯಾಗಿ ಸರಿಯುತ್ತಿರುತ್ತದೆ. ಕಾಫಿ ಹೂವಿನ ಮಳೆ ಬಿದ್ದ ವಾರವಾದರೆ ಎರಡೂ ದಡದ ತೋಟಗಳಿಂದ ಘಮ ಬರುತ್ತದೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಪಕ್ಕದಲ್ಲಿ ನಿಂತ ಊರಿನವರ ಕಣ್ಣು ಮಾತ್ರ ಕಂಬಗಳ ಮೇಲೆ ಹೋದ ಮಳೆಗಾಲ ಬಿಟ್ಟುಹೋದ ಕೆಸರಿನ ಗೆರೆಯ ಕಡೆಗಿರುತ್ತದೆ.