ತೆಂಗಿನ ಸೀಮೆ: ನಂಬಿರುವುದೆಷ್ಟು, ನಿಜವೆಷ್ಟು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮಕ್ಕಳ ಓದು, ಮನೆ, ಮದುವೆ, ಸಾಲದ ಕಂತು ಎಲ್ಲಕ್ಕೂ ತೆಂಗೇ ಆಧಾರ. ಇಲ್ಲಿಯ ಕಾಯಿ ಬೆಂಗಳೂರಿನ ಅಡುಗೆಮನೆಗೆ ಹೋಗುತ್ತದೆ, ಕೊಬ್ಬರಿ ಉತ್ತರ ಭಾರತದ ಹಬ್ಬ, ಮದುವೆಗಳಿಗೆ ಹೋಗುತ್ತದೆ. ಬೆಳೆಯುವವರಲ್ಲೂ ತಿನ್ನುವವರಲ್ಲೂ ಪರಿಸರದ ಕಾಳಜಿ ಇದೆ. ಆದರೆ ತಪ್ಪು ನಂಬಿಕೆಯ ಮೇಲೆ ನಿಂತ ಕಾಳಜಿ ಬೇಡದ ಕಡೆ ಖರ್ಚಾಗುತ್ತದೆ. ಅಂಥ ಐದು ನಂಬಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ 1: ದೂರದ ಊರಿಗೆ ಸಾಗುವ ಆಹಾರವೇ ಪರಿಸರಕ್ಕೆ ಹೆಚ್ಚು ಹೊರೆ

ಸತ್ಯ: ಹೊರೆಯ ಬಹುಪಾಲು ಹುಟ್ಟುವುದು ಜಮೀನಿನಲ್ಲಿ. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಕಲೆಹಾಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಶೇ. 10ಕ್ಕಿಂತ ಕಡಿಮೆ ಎಂಬುದು ಅದರಿಂದ ತಿಳಿಯುತ್ತದೆ. ವಿಮಾನದಲ್ಲಿ ಬರುವ ಹಣ್ಣು, ತರಕಾರಿಯ ಮಾತು ಬೇರೆ.

ದೆಹಲಿಗೆ ಹೊರಟ ಕೊಬ್ಬರಿ ಲಾರಿಯನ್ನೇ ನೋಡಿ. ಮಟ್ಟೆ, ಚಿಪ್ಪು, ನೀರು ಎಲ್ಲವನ್ನೂ ಊರಲ್ಲೇ ಬಿಟ್ಟು ಹೊರಟ ಆ ಮೂಟೆಗಳಲ್ಲಿ ಇರುವುದೆಲ್ಲ ತಿನ್ನುವ ಪದಾರ್ಥವೇ. ಬೆಂಗಳೂರಿಗೆ ಹೋಗುವ ಎಳನೀರಿನ ಲಾರಿ ದೂರ ಕಡಿಮೆ ಸಾಗಿದರೂ ಹೊತ್ತದ್ದರಲ್ಲಿ ಹೆಚ್ಚಿನದು ಕಸದ ರಾಶಿಗೆ ಸೇರುವ ಮಟ್ಟೆ.

ತಪ್ಪು ಕಲ್ಪನೆ 2: ಕೊಬ್ಬರಿ ಮಾಡಲು ಬೆಂಕಿಯೋ ಬಿಸಿಲೋ ಬೇಕೇ ಬೇಕು

ಸತ್ಯ: ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿಗೆ ಈ ಮಾತು ಸರಿ. ಕಾಯಿ ಒಡೆದು, ಹೋಳುಗಳನ್ನು ಬಿಸಿಲಿನಲ್ಲೋ ಗೂಡಿನ ಶಾಖದಲ್ಲೋ ಒಣಗಿಸುತ್ತಾರೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿಗೆ ಅದೇನೂ ಬೇಡ. ಬಲಿತ ಕಾಯಿ ಮಟ್ಟೆ ಸಮೇತ ಅಟ್ಟ ಏರಿ ಎಂಟರಿಂದ ಹನ್ನೊಂದು ತಿಂಗಳು ನೆರಳಿನಲ್ಲಿ ಕೂರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರು ಕುಲುಕುವ ಬದಲು ಗಿಟುಕು, ಅಂದರೆ ಒಣಗಿದ ತಿರುಳಿನ ಉಂಡೆ, ಗಡಗಡ ಉರುಳಿದರೆ ಹದ ಬಂದಿದೆ ಎಂದರ್ಥ. ಆಮೇಲೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಒಡೆಯುತ್ತಾರೆ. ಒಣಗಿಸುವ ಕೆಲಸಕ್ಕೆ ಸೌದೆಯೂ ಇಲ್ಲ, ಕರೆಂಟೂ ಇಲ್ಲ.

ಈ ತಾಳ್ಮೆಗೆ ಬೆಲೆ ಸಿಗುತ್ತಿದೆಯೇ? 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಗಾಣದ ಕೊಬ್ಬರಿಗೆ ಕ್ವಿಂಟಲ್‌ಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ನಡುವಿನ ಅಂತರ ಬರೀ 518 ರೂಪಾಯಿ. ಹತ್ತಿರ ಹತ್ತಿರ ಒಂದು ವರ್ಷ ಫಸಲನ್ನು ಅಟ್ಟದಲ್ಲಿಟ್ಟು ಕಾಯುವ ರೈತನಿಗೆ ಇದು ನ್ಯಾಯವಲ್ಲ.

ತಪ್ಪು ಕಲ್ಪನೆ 3: ತೋಟ ಹಸಿರಾಗಿದ್ದರೆ ಪರಿಸರ ಚೆನ್ನಾಗಿದೆ, ನೀರು ಹೆಚ್ಚು ಬಿಟ್ಟಷ್ಟೂ ಕಾಯಿ ಹೆಚ್ಚು

ಸತ್ಯ: ನಮ್ಮ ಸೀಮೆಯ ನಿಜವಾದ ಗಾಯ ಇಲ್ಲಿದೆ, ಅದು ನೆಲದ ಕೆಳಗಿರುವುದರಿಂದ ಕಣ್ಣಿಗೆ ಕಾಣದು. ತೆಂಗು ಹುಲುಸಾಗಿ ಬೆಳೆಯಲು ಬೇಕಾದಷ್ಟು ಮಳೆ ಈ ಬಯಲುಸೀಮೆಗೆ ಬೀಳುವುದಿಲ್ಲ. ಹಿಂದೆ ತೋಟಗಳು ಕೆರೆಯ ಹಿಂದೆ, ಹಳ್ಳದ ಪಕ್ಕ, ತಗ್ಗಿನ ತೇವ ನೆಚ್ಚಿಕೊಂಡಿದ್ದವು. ಬೋರು ಬಂದ ಮೇಲೆ ದಿಣ್ಣೆಗಳಿಗೂ ಹಬ್ಬಿದವು. ಈಗ ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲ. ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ನೀರಿನ ಬೆಲೆ ಬಿಲ್ಲಿನಲ್ಲಿ ಕಾಣಿಸುವುದಿಲ್ಲ, ಬೋರು ಬತ್ತಿದ ದಿನ ಕಾಣಿಸುತ್ತದೆ.

ಹಾಯಿ ನೀರು ಬಿಡುವವರು ಒಂದು ಲೆಕ್ಕ ಹಾಕಿ ನೋಡಬೇಕು. ತೆಂಗಿನ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು ಎರಡು ಮೀಟರ್ ದೂರದೊಳಗೇ ಇರುತ್ತವೆ. 30 ಅಡಿ ಅಂತರದಲ್ಲಿ ನೆಟ್ಟ ಮರವೊಂದರ ಪಾಲಿನ ನೆಲ ಸುಮಾರು 84 ಚದರ ಮೀಟರ್. ಬೇರಿನ ಪಾತಿ ಹದಿಮೂರು ಚದರ ಮೀಟರ್ ಕೂಡ ಇಲ್ಲ. ಅಂದರೆ ತೋಟವಿಡೀ ನೀರು ನಿಲ್ಲಿಸಿದಾಗ ಮರ ಹೀರಬಲ್ಲ ಜಾಗ ಆರನೇ ಒಂದು ಭಾಗಕ್ಕಿಂತ ಕಡಿಮೆ. ಪಾತಿಗೆ ಹನಿ ನೀರು ಕೊಟ್ಟು, ಗರಿಯ ಮುಚ್ಚಿಗೆ ಹಾಕಿ, ಮಳೆನೀರು ಇಂಗಲು ತೋಟದಲ್ಲೇ ಬದು, ಗುಂಡಿ ಮಾಡಿದವರು ಅದೇ ನೀರಿನಲ್ಲಿ ಹೆಚ್ಚು ಮರ ಉಳಿಸಿಕೊಳ್ಳಬಹುದು.

ತಪ್ಪು ಕಲ್ಪನೆ 4: ಮಟ್ಟೆ ನೈಸರ್ಗಿಕ, ಎಲ್ಲಿ ಬಿಸಾಡಿದರೂ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಸ್ಟ್ರಾ ಬಿಟ್ಟರೆ ಸಾಕು

ಸತ್ಯ: ಏಕಬಳಕೆಯ ಪ್ಲಾಸ್ಟಿಕ್ ಸ್ಟ್ರಾಗಳನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಿದ್ದು ಒಳ್ಳೆಯದೇ. ಆದರೆ ಸ್ಟ್ರಾ ಬಿಟ್ಟ ಕೈಯಲ್ಲೇ ಎಳನೀರಿನ ಬುರುಡೆ ಎಸೆದರೆ ಕೆಲಸ ಅರ್ಧವೇ ಆಯಿತು. ಮಟ್ಟೆಯ ನಾರು ಬಹಳ ನಿಧಾನವಾಗಿ ಕೊಳೆಯುತ್ತದೆ. ಬುರುಡೆಯಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹೊಮ್ಮುತ್ತದೆ. ತೋಟದಲ್ಲಿ ಸುಟ್ಟರೆ ಊರಿಗೆಲ್ಲ ಹೊಗೆ.

ಅದೇ ಮಟ್ಟೆಯಲ್ಲಿ ಪೊಟ್ಯಾಷ್ ಇದೆ, ನೀರು ಹಿಡಿದಿಡುವ ಗುಣವಿದೆ. ಮರಗಳ ಸಾಲಿನ ನಡುವೆ ಕಂದಕ ತೆಗೆದು, ಒಳಭಾಗ ಮೇಲೆ ಬರುವಂತೆ ಮಟ್ಟೆ ಜೋಡಿಸಿ ಮಣ್ಣು ಮುಚ್ಚಿದರೆ ಹಲವು ವರ್ಷ ತೇವ ಕಾಯುತ್ತದೆ. ನಾರು ತೆಗೆದು ಉಳಿದ ಪುಡಿ ವಿದೇಶದ ನರ್ಸರಿಗಳಲ್ಲಿ ಪೀಟ್ ಎಂಬ ಜೌಗುಮಣ್ಣಿನ ಬದಲಿಗೆ ಬಳಕೆಯಾಗುತ್ತದೆ. ಸಾವಿರಾರು ವರ್ಷಗಳ ಇಂಗಾಲ ಹುದುಗಿಸಿಕೊಂಡ ಜೌಗುನೆಲ ಅಗೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಪುಡಿಯ ಉಪ್ಪು ಹೋಗಲಾಡಿಸಲು ತೊಳೆದ ಕಂದು ನೀರನ್ನು ಹಳ್ಳಕ್ಕೆ ಬಿಟ್ಟರೆ ಆ ಪುಣ್ಯ ಇಲ್ಲಿನ ಬಾವಿಗಳಿಗೆ ಶಾಪವಾಗುತ್ತದೆ.

ತಪ್ಪು ಕಲ್ಪನೆ 5: ಬೂಷ್ಟು ಹಿಡಿದ ಒಂದು ಹೋಳು ಬಿಸಾಡಿದರೆ ಏನು ಮಹಾ ನಷ್ಟ?

ಸತ್ಯ: ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯಂತೆ, ಗ್ರಾಹಕರಿಗೆ ಲಭ್ಯವಾದ ಆಹಾರದಲ್ಲಿ ಸುಮಾರು ಐದನೇ ಒಂದು ಪಾಲು ಅಂಗಡಿ, ಹೋಟೆಲು, ಮನೆಗಳಲ್ಲಿ ಹಾಳಾಗುತ್ತಿದೆ, ಅದರಲ್ಲಿ ಹೆಚ್ಚಿನದು ಮನೆಗಳಲ್ಲೇ. ಹೊಂಬಾಳೆಯಲ್ಲಿ ಕಟ್ಟಿದ ಕಾಯಿ ಬಲಿಯಲು ಸುಮಾರು ಒಂದು ವರ್ಷ, ಅಟ್ಟದಲ್ಲಿ ಮತ್ತೆ ಹತ್ತಿರ ಹತ್ತಿರ ಒಂದು ವರ್ಷ. ಒಂದು ಗಿಟುಕಿನ ಹಿಂದೆ ಸುಮಾರು ಎರಡು ವರ್ಷದ ಕಾಯುವಿಕೆ, ಬೋರಿನ ನೀರು, ಕೆಡವುವವರ, ಸುಲಿಯುವವರ ದುಡಿಮೆ ಇದೆ.

ಆದ್ದರಿಂದ ಬೇಕಾದಷ್ಟೇ ಕೊಳ್ಳಿ. ಒಡೆದ ಹೋಳು ಉಳಿದರೆ ತುರಿದು ಫ್ರೀಜರ್‌ನಲ್ಲಿಡಿ, ಕೊಬ್ಬರಿಗೆ ಆಗಾಗ ಬಿಸಿಲು ತೋರಿಸಿ. ಎಳನೀರು ಕುಡಿದರೆ ಬುರುಡೆ ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವರನ್ನೂ ನಗರಸಭೆಯನ್ನೂ ಕೇಳಿ. ತೋಟ ಇರುವವರು ಈ ಮಳೆಗಾಲಕ್ಕೆ ಮುಂಚೆ ಒಂದು ಸಾಲಿಗಾದರೂ ಮಟ್ಟೆ ಹೂಳಿ, ಬೆಂಕಿ ಹಚ್ಚುವುದನ್ನು ನಿಲ್ಲಿಸಿ. ತೆಂಗಿನ ಸೀಮೆ ಉಳಿಯಬೇಕಾದರೆ ನೀರು ಮತ್ತು ಮಟ್ಟೆ, ಈ ಎರಡರ ಲೆಕ್ಕ ಮೊದಲು ಸರಿಯಾಗಬೇಕು.