ಸಂಬಳಕ್ಕಿಂತ ದೊಡ್ಡ ತ್ಯಾಗ

ಪಿಯುಸಿ, ಸಿಇಟಿ, ಎಂಜಿನಿಯರಿಂಗ್, ಕ್ಯಾಂಪಸ್ ಸಂದರ್ಶನ ಎಂಬ ದಾರಿ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಬೇರುಬಿಟ್ಟಿರುವುದರಿಂದ, ಕೈಗೆ ಬಂದ ನೌಕರಿ ಬಿಟ್ಟು ಸೇನೆಗೆ ಹೊರಡುವ ಪದವೀಧರರ ನಿರ್ಧಾರ ಅಲ್ಲಿ ಇಂದಿಗೂ ಸುಲಭವಾಗಿ ಒಪ್ಪಿಗೆ ಪಡೆಯುವುದಿಲ್ಲ. ಹೆತ್ತವರ ಆತಂಕ ಪ್ರಾಣಭಯ ಮತ್ತು ಸಂಬಳದ ಸುತ್ತಲೇ ಸುತ್ತುತ್ತದೆ. ಆದರೆ ಏಳನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್ ಹುದ್ದೆಯ ಆರಂಭಿಕ ಮೂಲ ವೇತನ 56,100 ರೂಪಾಯಿ, ಅದರ ಮೇಲೆ 15,500 ರೂಪಾಯಿ ಸೇನಾ ಸೇವಾ ವೇತನ ಮತ್ತು ಭತ್ಯೆಗಳಿರುವಾಗ, ಸಂಬಳವನ್ನೇ ತ್ಯಾಗದ ಅಳತೆಗೋಲು ಮಾಡುವುದು ಸರಿಯಲ್ಲ.

ನಿಜವಾಗಿ ಬಿಟ್ಟುಕೊಡುವುದು ವೃತ್ತಿಜೀವನ ಕುದುರುವ ವರ್ಷಗಳನ್ನು. ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಹತ್ತು ವರ್ಷಗಳ, ಬೇಕಾದರೆ ಇನ್ನು ನಾಲ್ಕು ವರ್ಷಗಳಿಗೆ ವಿಸ್ತರಿಸಬಹುದಾದ ಅಧಿಕಾರಿ ಸೇವೆ, ಮುಗಿದಾಗ ಸಾಮಾನ್ಯ ಪಿಂಚಣಿ ಇರುವುದಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲಿ ಸೇರಿದವರು ಮೂವತ್ತೈದು ದಾಟಿ ಊರಿಗೆ ಮರಳುವ ಹೊತ್ತಿಗೆ, ಓರಗೆಯವರು ಕಂಪನಿಗಳಲ್ಲಿ ಮ್ಯಾನೇಜರ್‌ಗಳಾಗಿ, ಮನೆ ಸಾಲವನ್ನೂ ಅರ್ಧ ತೀರಿಸಿರುತ್ತಾರೆ.

ಇದನ್ನೆಲ್ಲ ಬಲ್ಲವರೂ ಹೋಗುತ್ತಾರೆ, ಮತ್ತು ಹೋಗುವುದು ಸಲೀಸಲ್ಲ. ಎಂಜಿನಿಯರ್‌ಗಳಿಗಿರುವ ತಾಂತ್ರಿಕ ಪ್ರವೇಶದಲ್ಲಿ ಪದವಿಯ ಅಂಕಗಳ ಆಧಾರದ ಮೇಲೆ ಆಯ್ದವರನ್ನು ಸೇವಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಐದು ದಿನಗಳ ಸಂದರ್ಶನಕ್ಕೆ ಕರೆಯಲಾಗುತ್ತದೆ. ಅದರ ಪದ ಪ್ರತಿಕ್ರಿಯಾ ಪರೀಕ್ಷೆಯಲ್ಲಿ ಅರವತ್ತು ಪದಗಳು ಒಂದರ ಹಿಂದೊಂದು ಮೂಡಿ, ಪ್ರತಿಯೊಂದಕ್ಕೂ ಹದಿನೈದೇ ಸೆಕೆಂಡುಗಳಲ್ಲಿ ವಾಕ್ಯ ಬರೆಯಬೇಕಾಗುತ್ತದೆ. ಕಂಠಪಾಠದ ಜಾಣತನ ಅಲ್ಲಿ ನಡೆಯುವುದಿಲ್ಲ. ತೇರ್ಗಡೆಯಾದವರು ವೈದ್ಯಕೀಯ ತಪಾಸಣೆ ಮುಗಿಸಿ, ಅಂತಿಮ ಪಟ್ಟಿಯಲ್ಲಿ ಹೆಸರಿದ್ದರೆ, ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ನಲವತ್ತೊಂಬತ್ತು ವಾರ ಬೆವರು ಸುರಿಸುತ್ತಾರೆ.

ಸೇನೆ ಸೇರುವ ಆಯ್ಕೆಗೆ ಪ್ರಾಣವನ್ನೇ ಬೆಲೆಯಾಗಿ ತೆತ್ತವರಲ್ಲಿ ಒಬ್ಬರು ಬೆಂಗಳೂರಿನವರೇ ಆದ ಕರ್ನಲ್ ವಸಂತ್ ವೇಣುಗೋಪಾಲ್. ಎಂಇಎಸ್ ಕಾಲೇಜಿನಲ್ಲಿ ಓದಿ 1989ರಲ್ಲಿ ಸೇನಾಧಿಕಾರಿಯಾದ ಅವರು, 9ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಕಮಾಂಡಿಂಗ್ ಅಧಿಕಾರಿಯಾಗಿದ್ದಾಗ, 2007ರ ಜುಲೈ 31ರಂದು ಉರಿ ವಲಯದಲ್ಲಿ ನುಸುಳುಕೋರರನ್ನು ತಡೆಯುವ ಕಾರ್ಯಾಚರಣೆಯ ಮುಂಚೂಣಿಯಲ್ಲಿ ನಿಂತು ಹೋರಾಡಿ ನಲವತ್ತನೇ ವಯಸ್ಸಿನಲ್ಲಿ ಹುತಾತ್ಮರಾದರು. ಇಡೀ ಪಡೆಯ ಹೊಣೆ ಹೊತ್ತ ಹಿರಿಯ ಅಧಿಕಾರಿ ಹಿಂದೆ ನಿಂತು ಆಜ್ಞೆ ಕೊಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ ಎಂಬುದನ್ನು ನೆನೆದಾಗಲೇ ಆ ನಡೆಯ ಎತ್ತರ ತಿಳಿಯುತ್ತದೆ. ಶಾಂತಿಕಾಲದ ಅತ್ಯುನ್ನತ ಶೌರ್ಯ ಪುರಸ್ಕಾರವಾದ ಅಶೋಕ ಚಕ್ರ ಅವರಿಗೆ ಮರಣೋತ್ತರವಾಗಿ ಸಂದಿತು. ಪತ್ನಿ, ನೃತ್ಯ ಕಲಾವಿದೆ ಸುಭಾಷಿಣಿ ವಸಂತ್, ದುಃಖವನ್ನು ಮನೆಯೊಳಗೇ ಇಟ್ಟುಕೊಳ್ಳದೆ ವಸಂತರತ್ನ ಪ್ರತಿಷ್ಠಾನ ಕಟ್ಟಿ, ಹುತಾತ್ಮ ಯೋಧರ ಕುಟುಂಬಗಳ ಬೆಂಬಲಕ್ಕೆ ನಿಂತರು.

ಸತ್ತವರಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಬದುಕಿ ಮರಳಿದವರಿಗೂ ಸಲ್ಲಬೇಕು. ಸಮವಸ್ತ್ರದ ಹತ್ತು ವರ್ಷಗಳನ್ನು ಖಾಲಿ ಅವಧಿಯೆಂದು ನೋಡದೆ, ಜನರನ್ನು ಮುನ್ನಡೆಸಿದ ಅನುಭವವೆಂದು ಬೆಂಗಳೂರಿನ ಕಂಪನಿಗಳು ಪರಿಗಣಿಸಲಿ. ಮಕ್ಕಳು ಸೇನೆಯ ಮಾತೆತ್ತಿದಾಗ ಹೆತ್ತವರು ಅದನ್ನು ಕಿವಿಗೊಟ್ಟು ಕೇಳಲಿ.